ಅಮೆರಿಕದ ಅರ್ಜಿಗೆ ನಮ್ಮೂರಿನ ಸಾಕ್ಷಿ

ನಮ್ಮ ಕಡೆ ಅಮೆರಿಕಕ್ಕೆ ಓದಲು ಹೋಗುವುದು ಅಂದರೆ ಎಂಎಸ್‌ಗೆ, ಅಂದರೆ ಸ್ನಾತಕೋತ್ತರ ಪದವಿಗೆ ಹೋಗುವುದು ಅಂತಲೇ ಲೆಕ್ಕ. ಅದರ ದಾರಿ ಹಳ್ಳಿ ಮನೆಗಳಿಗೂ ಬಾಯಿಪಾಠವಾಗಿದೆ. ಬಿಇ ಮುಗಿಸು, ಜಿಆರ್‌ಇ ಪರೀಕ್ಷೆ ಬರಿ, ಜಮೀನು ತೋರಿಸಿ ಲೋನ್ ಮಾಡು, ವಿಮಾನ ಹತ್ತು. ಪಿಯುಸಿ ಮುಗಿಸಿ ಸೀದಾ ಡಿಗ್ರಿಗೇ ಹೋಗುವ ದಾರಿ ಬೇರೆ. ಅದನ್ನು ಬಲ್ಲವರು ಕಡಿಮೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602. ನಾವು ಚೀನಾವನ್ನೂ ಹಿಂದೆ ಹಾಕಿದ ವರ್ಷ ಅದು. ಆದರೆ ಅಷ್ಟರಲ್ಲಿ ಡಿಗ್ರಿ ಓದುತ್ತಿದ್ದವರು 36,053 ಜನ. ಹತ್ತರಲ್ಲಿ ಒಬ್ಬರು ಅಂದುಕೊಳ್ಳಿ. ಆ ಒಬ್ಬರಲ್ಲಿ ತಾಲೂಕು ಕೇಂದ್ರದ ಸ್ಟೇಟ್ ಸಿಲಬಸ್ ಪಿಯು ಕಾಲೇಜಿನವರು ಎಷ್ಟಿರಬಹುದು ಅಂತ ನೀವೇ ಊಹಿಸಿ.

ನಾನು ಅರಸೀಕೆರೆ ಕಡೆಯ ಒಂದು ಅನುದಾನಿತ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. 2024ರ ಜೂನ್‌ನಲ್ಲಿ ಸೆಕೆಂಡ್ ಪಿಯು ಸೈನ್ಸ್ ಸೆಕ್ಷನ್ನಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, "ಮೇಡಂ, ನೀವು ನನಗೆ ಕೌನ್ಸೆಲರ್ ಆಗ್ತೀರಾ?" ಅಂತ ಕೇಳಿದಳು. ಪಕ್ಕದಲ್ಲಿದ್ದ ಕೆಮಿಸ್ಟ್ರಿ ಮೇಡಂ ಗಾಬರಿಯಿಂದ, "ಯಾಕಮ್ಮ, ಮನೇಲಿ ಏನಾದರೂ ತೊಂದರೆನಾ?" ಅಂದರು. ತೊಂದರೆ ಏನೂ ಇರಲಿಲ್ಲ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಬೇಕಾದರೆ ಶಾಲೆಯ ಕೌನ್ಸೆಲರ್ ಅಂತ ಒಬ್ಬರ ಹೆಸರು, ಇ-ಮೇಲ್ ಕೊಡಬೇಕು. ನಮ್ಮಲ್ಲಿ ಅಂಥ ಹುದ್ದೆಯೇ ಇಲ್ಲ. ಯೂಟ್ಯೂಬ್ ನೋಡಿ ನೋಡಿ ಅವಳಿಗೆ ಇಡೀ ಪ್ರಕ್ರಿಯೆ ಗೊತ್ತಾಗಿತ್ತು. ಸಿಗದೆ ಉಳಿದಿದ್ದು ಆ ಒಂದು ಹೆಸರು.

ಈ ಅರ್ಜಿಗೆ ಕಾಮನ್ ಆಪ್ ಅನ್ನುತ್ತಾರೆ. 1975ರಲ್ಲಿ 15 ಕಾಲೇಜುಗಳು ಸೇರಿ ಶುರು ಮಾಡಿದ್ದು. ಈಗ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅದರಲ್ಲಿವೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಒಂದೇ ಅರ್ಜಿಯಲ್ಲಿ 20 ಕಾಲೇಜುಗಳವರೆಗೆ ಕಳಿಸಬಹುದು. ಎಂಐಟಿಗೆ ಬೇರೆ ಅರ್ಜಿ, ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳಿಗೆ ಬೇರೆ. ನಮ್ಮ ಜನ ಇದನ್ನು ಸಿಇಟಿ ಅರ್ಜಿಯ ಥರ ಒಂದು ಫಾರಂ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದರ ಅರ್ಧವನ್ನು ಮಗು ತುಂಬುತ್ತದೆ. ಇನ್ನರ್ಧವನ್ನು ಶಾಲೆ ತುಂಬಬೇಕು. ಶಾಲೆಯ ಪರಿಚಯದ ಒಂದು ಪುಟ, ನಾಲ್ಕು ವರ್ಷದ ಅಂಕ, ಕೌನ್ಸೆಲರ್ ಪತ್ರ, ಸಾಮಾನ್ಯವಾಗಿ ಇಬ್ಬರು ಮೇಷ್ಟರ ಪತ್ರ, ನಡುವರ್ಷದ ವರದಿ, ಕೊನೆಗೆ ಫೈನಲ್ ವರದಿ. ಈ ಎರಡನೇ ಅರ್ಧದ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆ ಅರ್ಧ ತುಂಬಲು ಕೂತಾಗ ನನಗೆ ಹೊಳೆದದ್ದು ಇಷ್ಟು. ಅಮೆರಿಕದ ಅಡ್ಮಿಷನ್ ನಿಂತಿರುವುದು ಸಾಕ್ಷಿಯ ಮೇಲೆ. ನಮ್ಮದು ನಿಂತಿರುವುದು ಯಾರ ಸಾಕ್ಷಿಯೂ ಬೇಡ ಅನ್ನುವುದರ ಮೇಲೆ. ಪಿಯುಸಿ ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯುವಂತಿಲ್ಲ. ರಿಜಿಸ್ಟರ್ ನಂಬರ್ ಅಷ್ಟೆ. ಬಂಡಲ್ ಕಟ್ಟಿ ಯಾವುದೋ ಊರಿನ ವ್ಯಾಲ್ಯುಯೇಷನ್ ಸೆಂಟರಿಗೆ ಹೋಗುತ್ತದೆ. ಅಲ್ಲಿ ಕೂತವರಿಗೆ ಇದು ಯಾರ ಮಗಳು, ಯಾವ ಜಾತಿ, ಒಳ್ಳೆಯವಳಾ, ತರಲೆಯಾ ಏನೂ ಗೊತ್ತಿರಬಾರದು. ಸಿಇಟಿಯಲ್ಲಂತೂ ನೋಡುವುದು ಮನುಷ್ಯರೂ ಅಲ್ಲ, ಮಷೀನು. ನಾನೇ ವರ್ಷಗಟ್ಟಲೆ ವ್ಯಾಲ್ಯುಯೇಷನ್‌ಗೆ ಹೋಗಿದ್ದೇನೆ. ಈ ಕುರುಡುತನದ ಬೆಲೆ ನನಗೆ ಗೊತ್ತು. ವಶೀಲಿ ನಡೆಯುವ ಜಾಗದಲ್ಲಿ ಒಬ್ಬ ಸಣ್ಣ ಅಂಗಡಿಯವನ ಮಗಳಿಗೆ ಸೀಟು ಸಿಗುವುದು ಈ ಕುರುಡುತನದಿಂದಲೇ.

ಹಾಗಂತ ಅಮೆರಿಕದವರ ಪದ್ಧತಿ ಆಕಾಶದಿಂದ ಇಳಿದದ್ದಲ್ಲ. "ಅವರು ಬರೀ ಮಾರ್ಕ್ಸ್ ನೋಡಲ್ಲ, ಇಡೀ ವ್ಯಕ್ತಿಯನ್ನು ನೋಡ್ತಾರೆ" ಅಂತ ಹೊಗಳುವವರು ಅದರ ಹುಟ್ಟನ್ನೂ ಒಮ್ಮೆ ನೋಡಬೇಕು. 1920ರ ದಶಕದಲ್ಲಿ ಹಾರ್ವರ್ಡ್‌ಗೆ ಪರೀಕ್ಷೆ ಬರೆದು ಬರುವ ಯಹೂದಿ ಹುಡುಗರು ಜಾಸ್ತಿಯಾದರು. ಐದರಲ್ಲಿ ಒಬ್ಬರನ್ನೂ ದಾಟಿತು ಲೆಕ್ಕ. ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್ 1922ರಲ್ಲಿ ನೇರವಾಗಿಯೇ ಒಂದು ಮಿತಿ ಹಾಕಲು ನೋಡಿದರು. ವಿರೋಧ ಬಂತು. ಆಗ ಸುತ್ತುದಾರಿ ಹಿಡಿದರು. ಅಂಕ ಸಾಲದು, ನಡತೆ ನೋಡಬೇಕು, ವ್ಯಕ್ತಿತ್ವ ನೋಡಬೇಕು, ಫೋಟೋ ಬೇಕು, ಶಾಲೆಯವರ ಮಾತು ಬೇಕು ಅಂತ 1926ರ ಹೊತ್ತಿಗೆ ನಿಯಮ ಬದಲಾಯಿತು. ಮುಂದೆ ಇದೇ ಉಪಕರಣವನ್ನು ಕಪ್ಪು ಜನಾಂಗದ ಮಕ್ಕಳನ್ನು ಒಳಗೆ ತರುವುದಕ್ಕೂ ಬಳಸಿದರು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಅಡ್ಮಿಷನ್ ಮಾಡುವುದನ್ನು ನಿಲ್ಲಿಸಿತು. ಪ್ರಬಂಧ, ಪತ್ರ, ನಡತೆ ಎಲ್ಲಾ ಹಾಗೇ ಉಳಿದವು. ನನ್ನ ಮುಂದೆ ತೆರೆದು ಕೂತಿದ್ದ ಫಾರಂ ಅದೇ ವಂಶದ್ದು.

ಆ ಫಾರಂ ಕೇಳುವ ಪ್ರಶ್ನೆಗಳನ್ನು ಕೇಳಿ. ಮೊದಲನೆಯದು, ನಿಮ್ಮ ಶಾಲೆಯ ಬೇರೆ ಮಕ್ಕಳಿಗೆ ಹೋಲಿಸಿದರೆ ಈಕೆ ಆರಿಸಿಕೊಂಡ ವಿಷಯಗಳು ಎಷ್ಟು ಕಠಿಣ? ನಮ್ಮಲ್ಲಿ ಪಿಸಿಎಂಬಿ ತಗೊಂಡ ಮೇಲೆ ಎಲ್ಲರಿಗೂ ಅದೇ ನಾಲ್ಕು ವಿಷಯ, ಎರಡು ಭಾಷೆ. ಆರಿಸುವುದಕ್ಕೆ ಏನಿದೆ? ಎರಡನೆಯದು, ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗಿನ ಅಂಕ. ಅವರಲ್ಲಿ ಆ ನಾಲ್ಕೂ ವರ್ಷ ಸಾಮಾನ್ಯವಾಗಿ ಒಂದೇ ಶಾಲೆ. ನಮ್ಮಲ್ಲಿ ಹತ್ತಕ್ಕೆ ಹೈಸ್ಕೂಲು ಮುಗಿದು ಬೇರೆ ಕಾಂಪೌಂಡಿಗೆ ಬರುತ್ತಾರೆ. ಎಸ್‌ಎಸ್‌ಎಲ್‌ಸಿಗೆ 625ಕ್ಕೆ, ಪಿಯುಸಿಗೆ 600ಕ್ಕೆ. ಒಂಬತ್ತನೇ ಕ್ಲಾಸಿನ ಅಂಕ ಯಾರು ಕೇಳುತ್ತಾರೆ? ಆ ಕಾರ್ಡು ಯಾರ ಮನೆಯಲ್ಲೂ ಇರುವುದಿಲ್ಲ. ಹುಡುಗಿ ತನ್ನ ಹಳ್ಳಿಯ ಹೈಸ್ಕೂಲಿಗೆ ಹೋದಳು. ಹೆಡ್‌ಮಾಸ್ಟರ್ ವರ್ಗವಾಗಿ ಬೇರೆಯವರು ಬಂದಿದ್ದರು. "ಒಂಬತ್ತನೇ ಕ್ಲಾಸಿಂದಾ? ಅದು ಪಾಸಾಗಿದ್ದಕ್ಕೇ ಅಲ್ವೇನಮ್ಮ ಹತ್ತಕ್ಕೆ ಹೋಗಿದ್ದು?" ಅಂತ ಅವರ ವಾದ. ತಪ್ಪೇನೂ ಅಲ್ಲ. ಕೊನೆಗೆ ಹಳೇ ರಿಜಿಸ್ಟರ್ ತೆಗೆಸಿ, ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಸೀಲು ಹಾಕಿಸಿಕೊಂಡು ಬಂದಳು.

ಶಾಲೆಯ ಪರಿಚಯದ ಪುಟವನ್ನು ನಾನೇ ಬರೆದೆ. ಅಯೋವಾದಲ್ಲೋ ಮ್ಯಾಸಚೂಸೆಟ್ಸ್‌ನಲ್ಲೋ ಕೂತು ಓದುವವರಿಗೆ ನಮ್ಮ ಕಾಲೇಜು ಏನು ಅಂತ ಒಂದು ಪುಟದಲ್ಲಿ ಹೇಳಬೇಕು. ಪಾಸಾಗಲು ಆಗ 35 ಸಾಕಿತ್ತು. ಒಂದು ಸೆಕ್ಷನ್ನಿಗೆ ತೊಂಬತ್ತು ಮಕ್ಕಳು. ಹೆಚ್ಚಿನವರು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. 2024ರಲ್ಲಿ ಇಡೀ ರಾಜ್ಯದ ಫಲಿತಾಂಶ 81.15 ಪರ್ಸೆಂಟ್. ನಾಟಕ, ಡಿಬೇಟ್ ಕ್ಲಬ್ಬು, ರೋಬೋಟಿಕ್ಸ್ ಏನೂ ಇಲ್ಲ. ಎನ್‌ಎಸ್‌ಎಸ್ ಕ್ಯಾಂಪ್ ಇದೆ. ಇಲ್ಲದ್ದನ್ನು ಇಲ್ಲ ಅಂತಲೇ ಬರೆದೆ. ಅದು ಹುಡುಗಿಗೆ ಒಳ್ಳೆಯದೇ. ಇಲ್ಲದ ಕಡೆಯಿಂದ ಬಂದವಳು ಅಂತ ಓದುವವರಿಗೆ ಗೊತ್ತಾದರೆ, ಡಿಬೇಟ್ ಯಾಕೆ ಮಾಡಿಲ್ಲ ಅಂತ ಕೇಳುವುದಿಲ್ಲ. ಪ್ರಿನ್ಸಿಪಾಲರು ಓದಿ ಮುಖ ಸಿಂಡರಿಸಿದರು. "ನ್ಯಾಕ್‌ನವರು ನೋಡಿದರೆ ಏನಂತಾರೆ ಮೇಡಂ?" ಅಂದರು. ನ್ಯಾಕ್ ಗ್ರೇಡ್ ಕೊಡುವುದು ಡಿಗ್ರಿ ಕಾಲೇಜುಗಳಿಗೆ, ಪಿಯು ಕಾಲೇಜಿಗೆ ಬರುವುದಿಲ್ಲ ಸರ್ ಅಂದೆ. ಸೈನ್ ಹಾಕಿದರು.

ಇನ್ನು ಮೇಷ್ಟರ ಪತ್ರದ ಜೊತೆ ಒಂದು ಕೋಷ್ಟಕ ಇದೆ. ಬುದ್ಧಿ, ಬರವಣಿಗೆ, ಹೊಸ ಯೋಚನೆ, ಪ್ರಾಮಾಣಿಕತೆ, ಬೇರೆಯವರ ಬಗ್ಗೆ ಕಾಳಜಿ, ಸೋತಾಗ ಹೇಗೆ ನಡೆದುಕೊಳ್ಳುತ್ತಾರೆ, ಹೀಗೆ ಸಾಲು ಸಾಲು. ಪ್ರತಿಯೊಂದಕ್ಕೂ ಟಿಕ್ ಹಾಕಬೇಕು. ಸಾಧಾರಣ, ಒಳ್ಳೆಯದು, ಮೇಲಿನ ಹತ್ತು ಪರ್ಸೆಂಟ್, ಮೇಲಿನ ಐದು. ಕಟ್ಟಕಡೆಯದು, ನನ್ನ ವೃತ್ತಿಯಲ್ಲೇ ಕಂಡ ಕೆಲವೇ ಕೆಲವರಲ್ಲಿ ಒಬ್ಬರು. ತೊಂಬತ್ತು ಮಕ್ಕಳ ಕ್ಲಾಸಿನಲ್ಲಿ ಯಾರು ಸೋತಾಗ ಹೇಗಿರುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಅಟೆಂಡೆನ್ಸ್ ಹಾಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಆದರೂ ಯೋಚಿಸುತ್ತಾ ಕೂತರೆ ಕೆಲವು ಮುಖ ಎದ್ದು ಬರುತ್ತವೆ. ಇವಳದ್ದು ಬಂದದ್ದು ಲೈಬ್ರರಿ ಬೀರುವಿನ ಕಾರಣಕ್ಕೆ. ಫಸ್ಟ್ ಪಿಯುಗೆ ಬಂದ ಹೊಸದರಲ್ಲೇ, ಲೈಬ್ರರಿಯ ಒಂದು ಗಾಜಿನ ಬೀರು ಯಾವಾಗಲೂ ಬೀಗ ಹಾಕಿರುವುದನ್ನು ನೋಡಿ ಕೀ ಎಲ್ಲಿ ಅಂತ ಕೇಳಿದ್ದಳು. ಯಾರಿಗೂ ಗೊತ್ತಿರಲಿಲ್ಲ. ರಿಟೈರ್ ಆದ ಕ್ಲರ್ಕ್ ಮನೆ ಹುಡುಕಿಕೊಂಡು ಹೋಗಿ, ಅವರ ದೇವರ ಮನೆಯ ಮೊಳೆಗೆ ನೇತು ಹಾಕಿದ್ದ ಗೊಂಚಲಿನಿಂದ ಕೀ ತಂದಳು. ಆಮೇಲೆ ಒಳಗಿದ್ದ ಪುಸ್ತಕಗಳನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕೊಡುವ ತರುವ ಲೆಕ್ಕ ತಾನೇ ಇಟ್ಟಳು. ನಾನು ಪತ್ರದಲ್ಲಿ ಬರೆದದ್ದು ಹೆಚ್ಚುಕಡಿಮೆ ಇಷ್ಟೇ. ಶ್ರಮಜೀವಿ, ಪ್ರತಿಭಾವಂತೆ, ವಿನಯವಂತೆ ಅಂತ ಒಂದೂ ಪದ ಹಾಕಲಿಲ್ಲ. ನಮ್ಮ ಕ್ಯಾರೆಕ್ಟರ್ ಸರ್ಟಿಫಿಕೇಟ್‌ಗಳಲ್ಲಿ ಆ ಪದಗಳು ಸತ್ತು ವರ್ಷಗಳಾದವು.

ಸಹೋದ್ಯೋಗಿ ಒಬ್ಬರು, "ಅಷ್ಟೆಲ್ಲಾ ಯಾಕೆ, ಅವಳೇ ಬರ್ಕೊಂಡು ಬರಲಿ, ಸೈನ್ ಹಾಕಿಕೊಡಿ" ಅಂದರು. ಇದು ನಮ್ಮಲ್ಲಿ ಎಲ್ಲ ಕಡೆ ನಡೆಯುತ್ತದೆ. ಕೆಟ್ಟ ಉದ್ದೇಶದಿಂದ ಅಲ್ಲ, ಪತ್ರ ಅನ್ನುವುದಕ್ಕೇ ಬೆಲೆ ಇಲ್ಲ ಅಂತ. ಕಾಮನ್ ಆಪ್‌ನಲ್ಲಿ ಮಕ್ಕಳು, ಈ ಪತ್ರ ನೋಡುವ ಹಕ್ಕನ್ನು ನಾನು ಬಿಟ್ಟುಕೊಡುತ್ತೇನೆ ಅಂತ ಒಪ್ಪಿಗೆ ಕೊಡುವ ಜಾಗವಿದೆ. ಹಕ್ಕು ಬಿಟ್ಟುಕೊಟ್ಟರೆ ಓದುವವರಿಗೆ ಪತ್ರದ ಮೇಲೆ ನಂಬಿಕೆ ಜಾಸ್ತಿ. ಅವಳು ಬಿಟ್ಟುಕೊಟ್ಟಳು. ಅವರಪ್ಪ ಮಾತ್ರ ಸಿಕ್ಕಾಗಲೆಲ್ಲಾ, "ಚೆನ್ನಾಗಿ ಬರ್ದಿದೀರಾ ಅಲ್ವಾ ಮೇಡಂ?" ಅನ್ನುತ್ತಿದ್ದರು.

ಮಗುವಿನ ಅರ್ಧದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದಕ್ಕೆ ಸಲಹೆ ಕೊಡುವವರು ಸಾವಿರ ಜನ ಇದ್ದಾರೆ. ಕೆಲವರು ಅದಕ್ಕೆ ಲಕ್ಷಗಟ್ಟಲೆ ತಗೊಳ್ಳುತ್ತಾರೆ. ಇಂಗ್ಲಿಷ್ ಬರುತ್ತೆ ಅಂತ ತೋರಿಸಲು ಡ್ಯುಯೊಲಿಂಗೊ ಟೆಸ್ಟನ್ನು ಮನೆಯಿಂದಲೇ ಬರೆದಳು. ರೂಮಿನಲ್ಲಿ ಇನ್ನೊಬ್ಬರ ದನಿ ಕೇಳಬಾರದು ಅಂತ ಮನೆಮಂದಿಯನ್ನೆಲ್ಲಾ ತೋಟಕ್ಕೆ ಕಳಿಸಿದ್ದಳಂತೆ. ಅಮೆರಿಕದ ಪ್ರವೇಶ ಪರೀಕ್ಷೆಯಾದ ಸ್ಯಾಟ್ ಬರೆಯಲು ಬೆಂಗಳೂರಿಗೆ ಹೋದಳು. ಚಟುವಟಿಕೆಗಳಿಗೆ ಹತ್ತು ಸಾಲು ಇವೆ. ಒಂದೊಂದರ ವಿವರಣೆಗೆ 150 ಅಕ್ಷರ, ಅಷ್ಟೆ. ಮೊದಲು ಬರೀ ಎನ್‌ಎಸ್‌ಎಸ್, ಭಾಷಣ ಸ್ಪರ್ಧೆ ಬರೆದಿದ್ದಳು. ಅವರಪ್ಪನದು ಗೊಬ್ಬರದ ಅಂಗಡಿ. ಮುಂಗಾರಿನಲ್ಲಿ ಯೂರಿಯಾಕ್ಕೆ ಕ್ಯೂ ನಿಂತಾಗ ಗಲ್ಲಾದ ಮೇಲೆ ಕೂರುವವಳು ಇವಳೇ. ಅದನ್ನು ಯಾಕೆ ಬರೆದಿಲ್ಲ ಅಂದರೆ, "ಅದು ಮನೆ ಕೆಲಸ ಅಲ್ವಾ ಮೇಡಂ?" ಅಂದಳು. ಆ ಪಟ್ಟಿಯಲ್ಲಿ ಮನೆಯ ಜವಾಬ್ದಾರಿ ಅಂತಲೇ ಒಂದು ವಿಭಾಗ ಇದೆ. ಅದನ್ನು ಪಟ್ಟಿಯಲ್ಲಿ ಮೇಲೆ ಬರೆದಳು.

ಪ್ರಬಂಧವೂ ಅಲ್ಲಿಂದಲೇ ಹುಟ್ಟಿತು. 650 ಪದದ ಮಿತಿ. 45 ಕೆಜಿ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಆ ಐವತ್ತು ಪೈಸೆಯನ್ನು ಯಾರು ಬಿಡಬೇಕು? ರೈತ 267 ಕೊಟ್ಟರೆ ಅಂಗಡಿಯವನಿಗೆ ಲಾಭ, 266 ಕೊಟ್ಟರೆ ನಷ್ಟ. ಅವರಪ್ಪ ಯಾರ ಹತ್ತಿರ 267 ತಗೊಳ್ಳುತ್ತಾರೆ, ಯಾರ ಹತ್ತಿರ 266 ತಗೊಳ್ಳುತ್ತಾರೆ ಅಂತ ಗಮನಿಸಿ ಬರೆದಿದ್ದಳು. ಅದರಲ್ಲಿ ಇಡೀ ಊರಿನ ಲೆಕ್ಕ ಇತ್ತು. ನಾನು ಸ್ಪೆಲಿಂಗ್ ಬಿಟ್ಟು ಏನೂ ಮುಟ್ಟಲಿಲ್ಲ.

ಈಗ ದುಡ್ಡಿನ ವಿಷಯ. ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಮಾತಾಡಬೇಕಾದದ್ದು ಇದೇ.

ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳಲ್ಲಿ ಫೀಸು, ಊಟ, ಹಾಸ್ಟೆಲು ಎಲ್ಲಾ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನಮ್ಮ ಲೆಕ್ಕಕ್ಕೆ ಎಪ್ಪತ್ತು ಲಕ್ಷದ ಹತ್ತಿರ. ಅದು ನಾಲ್ಕು ವರ್ಷ. ಎಂಎಸ್ ಆದರೆ ಎರಡು ವರ್ಷ, ಲೋನ್ ಮಾಡಿ ಆಮೇಲೆ ದುಡಿದು ತೀರಿಸುವ ಲೆಕ್ಕ ನಡೆಯುತ್ತದೆ. ಡಿಗ್ರಿಗೆ ಆ ಲೆಕ್ಕ ನಡೆಯುವುದಿಲ್ಲ. ಅಮೆರಿಕ ಸರ್ಕಾರದ ಶಿಕ್ಷಣ ಸಹಾಯ ಹೊರದೇಶದ ಮಕ್ಕಳಿಗೆ ಇಲ್ಲ. ಹಾಗಾಗಿ ದುಡ್ಡು ಬರಬೇಕಾದರೆ ಹೆಚ್ಚಾಗಿ ಆ ಕಾಲೇಜಿನ ಬೊಕ್ಕಸದಿಂದಲೇ ಬರಬೇಕು. ಅಲ್ಲೇ ಇರುವುದು ಆಟ. ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತದೆ. ನಿಮಗೆ ಹಣಕಾಸಿನ ನೆರವು ಬೇಕೇ? ಹೌದು ಅಥವಾ ಇಲ್ಲ.

ಬೆರಳೆಣಿಕೆಯ ಕಾಲೇಜುಗಳು ಮಾತ್ರ ಹೊರದೇಶದ ಮಕ್ಕಳ ವಿಷಯದಲ್ಲೂ ಆ ಉತ್ತರ ನೋಡದೆ ಅಡ್ಮಿಷನ್ ತೀರ್ಮಾನ ಮಾಡುತ್ತವೆ, ಆಮೇಲೆ ಬೇಕಾದಷ್ಟು ನೆರವೂ ಕೊಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮೊದಲಿನಿಂದ ಇದ್ದವು. 2022ರಲ್ಲಿ ಡಾರ್ಟ್‌ಮತ್, ಬೋಡನ್ ಸೇರಿದವು. ಆಮೇಲೆ ಬ್ರೌನ್, ನೋಟರ್ ಡೇಮ್. ಕೇಳಲು ಚೆಂದ. ಆದರೆ 2024ರಲ್ಲಿ ಸೇರಿದ ಬ್ಯಾಚಿಗೆ ಹಾರ್ವರ್ಡ್‌ಗೆ ಅರ್ಜಿ ಹಾಕಿದವರು 54,008, ಸೀಟು ಸಿಕ್ಕಿದ್ದು 1,937 ಜನಕ್ಕೆ. ಅದೂ ಇಡೀ ಪ್ರಪಂಚಕ್ಕೆ, ಅಮೆರಿಕದವರೂ ಸೇರಿ. ಉಳಿದ ಕಾಲೇಜುಗಳು ಹೊರದೇಶದವರ ಮಟ್ಟಿಗೆ ಆ ಉತ್ತರವನ್ನು ನೋಡುತ್ತವೆ. ನೆರವು ಬೇಕು ಅಂದರೆ ಅಡ್ಮಿಷನ್ ಕಷ್ಟವಾಗುತ್ತದೆ. ಎಷ್ಟು ಜಾಸ್ತಿ ಬೇಕೋ ಅಷ್ಟು ಕಷ್ಟ. ಬೇಡ ಅಂದುಬಿಟ್ಟು ಆಮೇಲೆ ಕೇಳೋಣ ಅಂದರೆ, ಹಲವು ಕಡೆ ನಾಲ್ಕು ವರ್ಷವೂ ಮತ್ತೆ ಕೇಳುವಂತಿಲ್ಲ. "ಮೊದಲು ಸೀಟ್ ಸಿಗಲಿ, ದುಡ್ಡಿಂದು ಆಮೇಲೆ ನೋಡಿಕೊಳ್ಳೋಣ" ಅನ್ನುವ ನಮ್ಮ ಮನೆಗಳ ಮಾತು ಇಲ್ಲಿ ಸಂಪೂರ್ಣ ತಪ್ಪು. ಮಗಳ ಮದುವೆಗೆ ನಡೆಯುತ್ತೆ, ಇದಕ್ಕೆ ನಡೆಯಲ್ಲ.

ಅವರಪ್ಪನನ್ನು ಕಾಲೇಜಿಗೆ ಕರೆಸಿ ಕೇಳಿದೆ. ವರ್ಷಕ್ಕೆ ಎಷ್ಟು ಕೊಡಬಲ್ಲಿರಿ? ಅವರು ಸ್ವಲ್ಪ ಹೊತ್ತು ಯೋಚಿಸಿ, "ಕೊಬ್ಬರಿ ರೇಟ್ ಹಿಂಗೇ ಇದ್ದರೆ ನಾಲ್ಕು ಲಕ್ಷ. ಬಿದ್ದರೆ ಮೂರು" ಅಂದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಆ ಉತ್ತರ ಹಿಡಿಸಿತು. ಆ ಒಂದು ನಂಬರಿನಿಂದ ಕಾಲೇಜುಗಳ ಪಟ್ಟಿ ಅರ್ಧಕ್ಕರ್ಧ ತಾನಾಗೇ ಹೊಡೆದುಹೋಯಿತು. ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳು ಹೋದವು. ಹೊರಗಿನವರಿಗೆ ಅಲ್ಲಿ ಅಂಥ ನೆರವು ಇಲ್ಲ. ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳು ಹೋದವು. ಅಲ್ಲಿ ಸಿಗುವ ಸ್ಕಾಲರ್‌ಶಿಪ್ ಕಳೆದರೂ ಉಳಿಯುವ ಮೊತ್ತ ನಾಲ್ಕು ಲಕ್ಷಕ್ಕೆ ಹತ್ತಿರವೂ ಬರುವುದಿಲ್ಲ. ಕಾರ್ನೆಲ್ ಉಳಿಯಿತು. ಅಲ್ಲಿ ಟಾಟಾ ಟ್ರಸ್ಟ್ 2008ರಲ್ಲಿ ಭಾರತದ ಡಿಗ್ರಿ ವಿದ್ಯಾರ್ಥಿಗಳಿಗೆ ಅಂತಲೇ ಎರಡೂವರೆ ಕೋಟಿ ಡಾಲರ್‌ನ ನಿಧಿ ಇಟ್ಟಿದೆ. ಕೆಂಟಕಿಯ ಬೆರಿಯಾ ಕಾಲೇಜು ಉಳಿಯಿತು. ಅಲ್ಲಿ 1892ರಿಂದ ಯಾವ ವಿದ್ಯಾರ್ಥಿಯಿಂದಲೂ ಟ್ಯೂಷನ್ ಫೀ ತಗೊಂಡಿಲ್ಲ, ಎಲ್ಲರೂ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಲೇಬೇಕು. ಇದನ್ನು ಕೇಳಿ ಅವರಪ್ಪನಿಗೆ ಬಹಳ ಖುಷಿಯಾಯಿತು. ಆದರೆ ಹೊರದೇಶದವರಿಗೆ ಅಲ್ಲಿ ಸೀಟು ತೀರಾ ಕಡಿಮೆ. ಇನ್ನುಳಿದದ್ದು ನಾವ್ಯಾರೂ ಹೆಸರು ಕೇಳಿರದ, ಸಾವಿರ ಎರಡು ಸಾವಿರ ಮಕ್ಕಳ ಸಣ್ಣ ಕಾಲೇಜುಗಳು. ಇಂಥ ಕೆಲವು ಕಡೆ ನಿಜವಾಗಲೂ ದುಡ್ಡು ಇದೆ.

ನೆರವು ಕೇಳಿದ ಮೇಲೆ ಸಿಎಸ್‌ಎಸ್ ಪ್ರೊಫೈಲ್ ಅಂತ ಇನ್ನೊಂದು ಫಾರಂ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಬಡವರಾ ಅಂತ ಕೇಳುವುದಕ್ಕೂ ಫೀಸು! ಕಾಲೇಜಿನ ಅರ್ಜಿ ಫೀಸನ್ನು ಕೆಲವು ಕಡೆ ಕೌನ್ಸೆಲರ್ ಪತ್ರ ಬರೆದರೆ ಬಿಡುತ್ತಾರೆ. ಅದನ್ನೂ ಬರೆದೆ. ಫಾರಂನಲ್ಲಿ ಮನೆಯ ಬೆಲೆ ಎಷ್ಟು, ಅಂಗಡಿಯದ್ದೆಷ್ಟು, ಜಮೀನು ಎಷ್ಟು ಅಂತ ಕೇಳುತ್ತದೆ. ತೆಂಗಿನ ತೋಟ ಎರಡು ಎಕರೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡಿದ್ದಾರೆ. ಮೂವರು ಅಣ್ಣತಮ್ಮಂದಿರು, ಪೌತಿ ಖಾತೆ ಆಗಿಲ್ಲ, ಭಾಗ ಆಗಿಲ್ಲ. ಕೊಬ್ಬರಿ ದುಡ್ಡು ಒಂದೇ ಕಡೆ ಬಂದು ಮೂರು ಕಡೆ ಹೋಗುತ್ತದೆ. "ಮೇಡಂ, ಇದನ್ನ ನಮ್ಮದು ಅಂತ ಬರೀಬೇಕಾ, ಅಪ್ಪಂದು ಅಂತ ಬರೀಬೇಕಾ?" ಅಂತ ಅವರು ಕೇಳಿದರು. ತಹಶೀಲ್ದಾರ್ ಕಚೇರಿಗೇ ಗೊತ್ತಿಲ್ಲದ ಉತ್ತರವನ್ನು ಅಮೆರಿಕದ ಕಂಪ್ಯೂಟರ್‌ಗೆ ಹೇಳಬೇಕಿತ್ತು. ಮೂರರಲ್ಲಿ ಒಂದು ಪಾಲು ಅಂತ ನಮೂದಿಸಿ, ವಿವರಣೆಯ ಜಾಗದಲ್ಲಿ ಅವಿಭಕ್ತ ಕುಟುಂಬ ಅಂದರೇನು ಅಂತ ಹುಡುಗಿಯೇ ಬರೆದಳು. ಅವಳ ಪ್ರಬಂಧಕ್ಕಿಂತ ಅದೇ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಜನವರಿ ಮೊದಲ ವಾರದೊಳಗೆ ಎಲ್ಲಾ ಕಳಿಸಿ ಆಯಿತು. 2025ರ ಮಾರ್ಚ್ 1ರಿಂದ 20ರವರೆಗೆ ಪಿಯುಸಿ ಪರೀಕ್ಷೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಇ-ಮೇಲ್‌ಗಳು ಬರತೊಡಗಿದವು. ಇಲ್ಲ, ಇಲ್ಲ, ಇಲ್ಲ. ಒಂದು ಕಡೆ ವೇಟಿಂಗ್ ಲಿಸ್ಟು. ಒಂದು ಕಡೆ ಸೀಟು ಸಿಕ್ಕಿತು, ಆದರೆ ವರ್ಷಕ್ಕೆ ಇಪ್ಪತ್ತು ಲಕ್ಷ ಕೈಯಿಂದ ಹಾಕಬೇಕು. ಅದು ಸಿಕ್ಕರೂ ಸಿಗದ ಹಾಗೇ. ಇದರ ನೋವು ಇಲ್ಲ ಅನ್ನುವುದಕ್ಕಿಂತ ಹೆಚ್ಚು. ಕೊನೆಗೆ ನಡು ಅಮೆರಿಕದ ಒಂದು ಸಣ್ಣ ಕಾಲೇಜು ಹೌದು ಅಂದಿತು. ಅವರಪ್ಪ ಹೇಳಿದ್ದಕ್ಕೆ ಹತ್ತಿರದ ಮೊತ್ತ ಬಿಟ್ಟು ಉಳಿದದ್ದೆಲ್ಲಾ ತಾವೇ ಹಾಕುತ್ತೇವೆ ಅಂತ. ಆ ಕಾಲೇಜು ಇರುವ ಊರು ಅರಸೀಕೆರೆಗಿಂತ ಚಿಕ್ಕದು. ಊರಿನಲ್ಲಿ ಸುದ್ದಿ ಹಬ್ಬಿದಾಗ ಮೊದಲ ಪ್ರಶ್ನೆ, "ಹಾರ್ವರ್ಡಾ?" ಎರಡನೆಯದು, "ಕಾಲೇಜು ಅಷ್ಟೇನಾ, ಯೂನಿವರ್ಸಿಟಿ ಅಲ್ವಾ?" ಬಿಎ ಬಿಎಸ್ಸಿ ಎರಡರ ವಿಷಯವನ್ನೂ ಒಟ್ಟಿಗೆ ಓದಬಹುದು, ಮೇಜರ್, ಅಂದರೆ ಮುಖ್ಯ ವಿಷಯ ಯಾವುದು ಅಂತ ಎರಡನೇ ವರ್ಷ ಹೇಳಿದರೂ ಆಯಿತು ಅಂದರೆ ಅದೂ ಯಾರಿಗೂ ನಂಬಿಕೆ ಬರಲಿಲ್ಲ. "ಮತ್ತೆ ಏನು ಓದೋಕೆ ಹೋಗ್ತಿದಾಳೆ?" ಅಂತ ಅವಳ ದೊಡ್ಡಪ್ಪ ನನ್ನನ್ನೇ ಕೇಳಿದರು.

ಮೇ 1ರೊಳಗೆ ಬರುತ್ತೇನೆ ಅಂತ ಹೇಳಬೇಕು. ಹೇಳಿದಳು. ಕಾಲೇಜಿನಿಂದ ಐ-20, ಅಂದರೆ ವೀಸಾಕ್ಕೆ ಬೇಕಾದ ಪ್ರವೇಶದ ಪತ್ರ ಬಂತು. ಹೊರದೇಶದ ವಿದ್ಯಾರ್ಥಿಗಳ ದಾಖಲಾತಿಗೆ ಕಟ್ಟುವ ಸೆವಿಸ್ ಫೀ 350 ಡಾಲರ್, ವೀಸಾ ಫೀ 185. ಅಷ್ಟರಲ್ಲಿ ಮೇ ಕೊನೆಯ ವಾರ ಅಮೆರಿಕದವರು ಹೊಸ ಸ್ಟೂಡೆಂಟ್ ವೀಸಾ ಇಂಟರ್‌ವ್ಯೂಗಳಿಗೆ ದಿನಾಂಕ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಜೂನ್ ಮಧ್ಯದ ನಂತರ ಮತ್ತೆ ಶುರುವಾಯಿತು, ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲಾ ಪಬ್ಲಿಕ್ ಮಾಡಿ ಅನ್ನುವ ಷರತ್ತಿನೊಂದಿಗೆ. ಇವಳ ಇನ್‌ಸ್ಟಾಗ್ರಾಂನಲ್ಲಿ ಇದ್ದದ್ದು ಜಾತ್ರೆಯ ತೇರು, ಎರಡು ಬೆಕ್ಕು. ಆದರೂ ಮನೆಯವರೆಲ್ಲಾ ಕೂತು ಒಂದೊಂದೇ ಫೋಟೋ ಪರಿಶೀಲಿಸಿದರಂತೆ. ಬೆಂಗಳೂರಿನಲ್ಲಿ ಜನವರಿಯಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಗಿತ್ತು. ಆದರೆ ವೀಸಾ ಕೆಲಸ ಅಲ್ಲಿ ಶುರುವಾಗಿರಲಿಲ್ಲ. ಬೆರಳಚ್ಚು ಬೆಂಗಳೂರಿನಲ್ಲಿ, ಇಂಟರ್‌ವ್ಯೂ ಚೆನ್ನೈನಲ್ಲಿ.

ಇಲ್ಲಿ ಇಡೀ ವ್ಯವಹಾರ ತಲೆಕೆಳಗಾಗುತ್ತದೆ. ಅಡ್ಮಿಷನ್‌ನವರು ಒಂದು ವರ್ಷ, ಈ ಹುಡುಗಿ ಯಾರು, ಯಾರು ಹೇಳುತ್ತಾರೆ, ಇನ್ನೂ ಹೇಳಿ ಅಂತ ಕೇಳಿದರು. ನಮ್ಮಲ್ಲಿಗೆ ಬಂದರೆ ಹೇಗೆ ಬೆರೆಯುತ್ತಾಳೆ ಅಂತ ಪ್ರಬಂಧ ಬರೆಸಿದರು. ವೀಸಾ ಕಾನೂನಿನ 214(ಬಿ) ಅನ್ನುವ ಕಲಂ ಹೇಳುವುದು ಬೇರೆ. ಬಂದವರೆಲ್ಲಾ ಅಲ್ಲೇ ನೆಲೆಸಲು ಬಂದವರು ಅಂತಲೇ ಲೆಕ್ಕ. ಅಲ್ಲ ಅಂತ ತೋರಿಸುವ ಹೊಣೆ ಅರ್ಜಿದಾರರದ್ದು. ಅಲ್ಲಿ ಬೆರೆಯುತ್ತೇನೆ ಅಂದವಳೇ ಇಲ್ಲಿ ವಾಪಸ್ ಬರುತ್ತೇನೆ ಅನ್ನಬೇಕು. ಎರಡೂ ಸುಳ್ಳಲ್ಲ. ಹದಿನೆಂಟರ ಮಗುವಿಗೆ ಎರಡೂ ನಿಜವೇ ಇರಬಹುದು. ಆದರೆ ಇಲ್ಲಿ ಸಾಕ್ಷಿ ಹೇಳಲು ಯಾರಿಗೂ ಅವಕಾಶ ಇಲ್ಲ. ನನ್ನ ಪತ್ರದ ಪ್ರತಿ, ಪ್ರಿನ್ಸಿಪಾಲರ ಸೀಲು, ಪಹಣಿ, ಬ್ಯಾಂಕ್ ಸರ್ಟಿಫಿಕೇಟು ಎಲ್ಲಾ ಒಂದು ದಪ್ಪ ಫೈಲಿನಲ್ಲಿ ಹಾಕಿಕೊಂಡು ಹೋಗಿದ್ದಳು. ಕಿಟಕಿಯ ಆ ಕಡೆಯವರು ಫೈಲು ಕೇಳಲೇ ಇಲ್ಲ. ಯಾಕೆ ಈ ಕಾಲೇಜು, ದುಡ್ಡು ಯಾರು ಕೊಡುತ್ತಾರೆ ಅಂತ ಎರಡು ಪ್ರಶ್ನೆ. ಮೂರು ನಿಮಿಷವೂ ಆಗಲಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಂಡರು.

ಪಾಸ್‌ಪೋರ್ಟ್ ಇಟ್ಟುಕೊಂಡರೆ ವೀಸಾ ಆಯಿತು ಅಂತ ಅರ್ಥ. ಆದರೆ ಅದು ಕೈಗೆ ಬರುವವರೆಗೆ ಅವರಪ್ಪ ನಂಬಲಿಲ್ಲ. ಇತ್ತ ಸಿಇಟಿ ಬರೆದಿದ್ದಳು. ಮೊದಲ ರೌಂಡಿನಲ್ಲಿ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಬಂತು. ಅಲ್ಲಿ ನಾಲ್ಕು ಚಾಯ್ಸ್ ಇವೆ. ಒಂದು, ಸೀಟು ಒಪ್ಪಿ ಸೇರುತ್ತೇನೆ. ಎರಡು, ಒಪ್ಪಿದ್ದೇನೆ, ಆದರೆ ಮುಂದಿನ ರೌಂಡ್ ನೋಡುತ್ತೇನೆ. ಮೂರು, ಈ ಸೀಟು ಬೇಡ, ಮುಂದಿನ ರೌಂಡ್ ಬೇಕು. ನಾಲ್ಕು, ಸಿಇಟಿಯೇ ಬೇಡ. "ಎರಡು ಒತ್ತಿರಲಿ ಮೇಡಂ, ಎರಡೂ ಕಡೆ ಕಾಲಿಟ್ಟಿರೋಣ" ಅಂದರು. ಎರಡು ಒತ್ತಿದರೆ ಫೀಸು ಕಟ್ಟಬೇಕು. ಕಟ್ಟುವುದಕ್ಕೂ ತಯಾರಿದ್ದರು. ಕಡೇ ದಿನದ ಹಿಂದಿನ ಸಂಜೆ ಪಾಸ್‌ಪೋರ್ಟ್ ಬಂತು. ವೀಸಾದ ಹಾಳೆಯನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಹೆಸರಿನ ಸ್ಪೆಲಿಂಗ್ ಎರಡು ಸಲ ಓದಿಸಿ, "ಸರಿ, ನಾಲ್ಕು ಒತ್ತು" ಅಂದರಂತೆ. ಆಮೇಲೆ ನನಗೆ ಫೋನ್ ಮಾಡಿ, ಮೈಸೂರಿನ ಆ ಸೀಟು ಈಗ ಯಾರಿಗೆ ಹೋಗುತ್ತದೆ ಅಂತ ಕೇಳಿದರು. ಮುಂದಿನ ರೌಂಡಿನಲ್ಲಿ ರ‍್ಯಾಂಕ್ ಪ್ರಕಾರ ಯಾರಿಗೋ ಹೋಗುತ್ತೆ ಅಂದೆ.